ಒಂಟಿಯಾಗಿ ಮಳೆಕಾಡಿಗೆ ಹೊರಡುವ ಮುನ್ನ: ದುರ್ಗದ ಕಡೆಯವರಿಗೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ 600ರ ಆಸುಪಾಸು, ಅಷ್ಟೇ. ಹಾಗಾಗಿ ದುರ್ಗ, ದಾವಣಗೆರೆ ಕಡೆಯಿಂದ ಮಳೆಗಾಲದಲ್ಲಿ ಒಬ್ಬರೇ ಘಟ್ಟ ನಡೆಯಲು ಹೊರಟವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ರೈನ್‌ಕೋಟ್ ತಗೊಳ್ಳಲಿ? ಎಂಥ ರೈನ್‌ಕೋಟ್ ಇದ್ದರೂ ದಿನವಿಡೀ ಮಳೆಯಲ್ಲಿ ಏರಿದರೆ ಒಳಗೆ ಒದ್ದೆಯೇ. ಕತ್ತು, ತೋಳಿನ ಕಡೆಯಿಂದ ನೀರು ಇಳಿಯುತ್ತದೆ, ಬೆವರು ಹೊರಗೆ ಹೋಗದೆ ಉಳಿಯುತ್ತದೆ. ಮೈ ನೆನೆಯುತ್ತದೆ ಎಂದು ಒಪ್ಪಿಕೊಂಡೇ ಹೊರಡಿ. ಕಾಪಾಡಿಕೊಳ್ಳಬೇಕಾದದ್ದು ಎರಡೇ: ಮೈಯ ಬಿಸಿ, ಮತ್ತು ರಾತ್ರಿ ಹಾಕಿಕೊಳ್ಳಲು ಒಂದು ಜೊತೆ ಒಣ ಬಟ್ಟೆ.

ಆ ಒಣ ಬಟ್ಟೆಯನ್ನು ಬ್ಯಾಗಿನ ಮೇಲಿನ ಕವರ್ ಕಾಯುವುದಿಲ್ಲ. ಬೆನ್ನಿಗೆ ತಾಗುವ ಭಾಗಕ್ಕೆ ಕವರೇ ಇರುವುದಿಲ್ಲ. ಪಟ್ಟಿಗಳ ಗುಂಟ ಇಳಿದ ನೀರು ಅಲ್ಲಿಂದ ಒಳಗೆ ಹೋಗಿ ತಳದಲ್ಲಿ ನಿಲ್ಲುತ್ತದೆ. ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ. ಎಲ್ಲ ತುಂಬಿದ ಮೇಲೆ ಗಾಳಿ ಒತ್ತಿ ತೆಗೆದು, ಬಾಯಿಯನ್ನು ಹಗ್ಗದಂತೆ ತಿರುಚಿ, ಮಡಚಿ ಕಟ್ಟಿ. ಸ್ಲೀಪಿಂಗ್ ಬ್ಯಾಗ್ ಮತ್ತು ರಾತ್ರಿಯ ಬಟ್ಟೆಗೆ ಅದರೊಳಗೆ ಇನ್ನೊಂದು ಚೀಲ ಇರಲಿ. ಬೆಳಿಗ್ಗೆ ಎದ್ದಾಗ ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ತೊಡಬೇಕು. ಇದು ಯಾರಿಗೂ ಇಷ್ಟವಾಗುವುದಿಲ್ಲ, ಆದರೆ ಒಣ ಬಟ್ಟೆ ಹಾಕಿ ನಡೆದರೆ ಆ ರಾತ್ರಿಗೆ ಏನೂ ಉಳಿಯುವುದಿಲ್ಲ.

ಜೀನ್ಸ್, ಹತ್ತಿ ಬನಿಯನ್ ಮನೆಯಲ್ಲೇ ಬಿಡಿ. ಹತ್ತಿ ನೀರು ಹಿಡಿದು ಮೈಗೆ ಅಂಟುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಎಳೆಯುತ್ತದೆ. ಚಳ್ಳಕೆರೆ ಕಡೆಯ ಕುರಿಗಾಹಿಗಳು ಮಳೆಯಲ್ಲೂ ಕಂಬಳಿ ಹೊದ್ದು ನಿಲ್ಲುವುದಕ್ಕೆ ಕಾರಣವಿದೆ: ಉಣ್ಣೆ ನೆನೆದರೂ ಅದರ ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ನೆನೆದ ಕಂಬಳಿ ಹೊತ್ತು ದೂರ ನಡೆಯಲಾಗದು, ಆದರೆ ಉಣ್ಣೆಯ ಸಾಕ್ಸ್, ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಅಂಗಿ ಇದೇ ಕೆಲಸ ಮಾಡುತ್ತವೆ.

ಚಳಿ ಹಿಡಿಯುವುದಕ್ಕೆ ಹಿಮ ಬೇಕಿಲ್ಲ. 15 ಡಿಗ್ರಿ, ಒದ್ದೆ ಮೈ, ಬೋಳುಗುಡ್ಡದ ಗಾಳಿ, ಇಷ್ಟು ಸಾಕು. ಮೊದಲು ನಡುಕ, ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಆಮೇಲೆ ಬುದ್ಧಿ ಮಂಕಾಗುತ್ತದೆ. ಒಂಟಿಯಾಗಿ ನಡೆಯುವುದರ ನಿಜವಾದ ಅಪಾಯ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಮಂಕಾದವರಿಗೆ ತಾವು ಮಂಕಾಗಿದ್ದೇವೆ ಎಂಬುದು ತಿಳಿಯುವುದಿಲ್ಲ, ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಗಂಟೆಗೊಮ್ಮೆ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡಿ. ಮುಟ್ಟದಿದ್ದರೆ ಚರ್ಚೆ ಬೇಡ: ಗಾಳಿ ತಾಗದ ಕಡೆ ನಿಂತು, ಒದ್ದೆ ಕಳಚಿ, ಒಣ ಬಟ್ಟೆ ಹಾಕಿ, ಸಿಹಿ ತಿನ್ನಿ, ಆ ದಿನದ ನಡಿಗೆ ಅಲ್ಲಿಗೇ ನಿಲ್ಲಿಸಿ.

ಕಾಲು. ವಾಟರ್‌ಪ್ರೂಫ್ ಬೂಟಿಗೆ ಮೇಲಿನಿಂದ ನೀರು ನುಗ್ಗಿದರೆ ಅದು ಹೊರಗೆ ಹೋಗುವುದೂ ಇಲ್ಲ, ಒಣಗುವುದೂ ಇಲ್ಲ. ನೀರು ಸೋರಿಹೋಗುವ ಜಾಲರಿ ಶೂ ವಾಸಿ. ಬೆಳಿಗ್ಗೆ ಅಂಗಾಲಿಗೆ ವ್ಯಾಸಲಿನ್ ದಪ್ಪಗೆ ಹಚ್ಚಿ. ಬೊಬ್ಬೆ ಏಳುವ ಜಾಗಕ್ಕೆ ಟೇಪ್ ಸುತ್ತುವುದಿದ್ದರೆ ವ್ಯಾಸಲಿನ್‌ಗೂ ಮೊದಲು, ಕಾಲು ಒಣಗಿರುವಾಗಲೇ ಸುತ್ತಿ, ಒದ್ದೆ ಚರ್ಮಕ್ಕೆ ಅದು ಹಿಡಿಯುವುದಿಲ್ಲ. ಪ್ರತಿ ದೊಡ್ಡ ವಿಶ್ರಾಂತಿಯಲ್ಲೂ ಸಾಕ್ಸ್ ಹಿಂಡಿ, ಬೆರಳ ಸಂದಿಗೆ ಗಾಳಿಯಾಡಲು ಬಿಡಿ. ಬಯಲುಸೀಮೆಯವರು ಇಂಬಳ (ಕಾಡಿನ ಜಿಗಣೆ) ಕಂಡರೆ ಗಾಬರಿಯಾಗುತ್ತಾರೆ. ಎಳೆಯಬೇಡಿ, ಸುಡಬೇಡಿ, ಉಗುರನ್ನು ಅದರ ಬಾಯಿಯ ಬುಡಕ್ಕೆ ಹಾಕಿ ಸರಿಸಿ. ರಕ್ತ ಬಹಳ ಹೊತ್ತು ಒಸರುತ್ತದೆ, ಒತ್ತಿ ಹಿಡಿಯಿರಿ.

ಹಳ್ಳದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಬ್ಬರೇ ಇದ್ದಾಗ ಮೊಣಕಾಲು ದಾಟಿದ ನೀರಿಗೆ ಇಳಿಯಬಾರದು. ಕೆಂಪಾದ ನೀರು, ತೇಲಿಬರುವ ಕಡ್ಡಿ ಎಲೆ, ತಳದಲ್ಲಿ ಕಲ್ಲುರುಳುವ ಸದ್ದು, ಇವು ಹಳ್ಳ ಏರುತ್ತಿರುವ ಗುರುತು. ಕಾಯಿರಿ, ಚಿಕ್ಕ ಹಳ್ಳ ಮಳೆ ನಿಂತ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ದಾಟುವಾಗ ಅಗಲವಾದ ಜಾಗ ಆರಿಸಿ, ಬ್ಯಾಗಿನ ಸೊಂಟಪಟ್ಟಿಯ ಬಕಲ್ ಬಿಚ್ಚಿ, ಹರಿವಿನ ಎದುರಿಗೆ ಮುಖ ಮಾಡಿ, ಕೋಲೂರಿ ಅಡ್ಡಡ್ಡ ಹೆಜ್ಜೆ ಇಡಿ.

ಊಟಕ್ಕೆ ದಾವಣಗೆರೆಯ ಮಂಡಕ್ಕಿ ಕಟ್ಟಿಕೊಳ್ಳಬೇಡಿ, ತೇವಕ್ಕೆ ಮೆತ್ತಗಾಗುತ್ತದೆ, ಜಾಗವನ್ನೂ ತಿನ್ನುತ್ತದೆ. ಹುರಿದ ಶೇಂಗಾ 100 ಗ್ರಾಂಗೆ 550 ಕ್ಯಾಲರಿ ಮೀರುತ್ತದೆ. ಜೊತೆಗೆ ಬೆಲ್ಲ, ಹುರಿಹಿಟ್ಟು, ಕಡಕ್ ರೊಟ್ಟಿ. ದಿನಕ್ಕೆ 600 ಗ್ರಾಂ ಒಣ ಆಹಾರ ಇರಲಿ, ಮಳೆಯಲ್ಲಿ ಬಾಯಾರದಿದ್ದರೂ ನೀರು ಕುಡಿಯಿರಿ.

ಇಷ್ಟನ್ನೂ ಘಟ್ಟಕ್ಕೆ ಹೋಗಿ ಪರೀಕ್ಷೆ ಮಾಡಬೇಕಿಲ್ಲ. ಚಿತ್ರದುರ್ಗದ ಪಕ್ಕದಲ್ಲೇ ಆಷಾಢದ ಜೋಗಿಮಟ್ಟಿ ಗುಡ್ಡ ಇದೆ. ಮಳೆ ಜಿನುಗುವಷ್ಟೇ, ಆದರೆ ಗಾಳಿಯಂತ್ರ ನೆಟ್ಟ ಗುಡ್ಡದ ಗಾಳಿ ಪೊಂಚೋವನ್ನು (ತಲೆಯಿಂದ ಇಳಿಬಿಡುವ ಮಳೆಯಂಗಿ) ಹಾರಿಸಿ, ಒದ್ದೆ ಬಟ್ಟೆ ಎಷ್ಟು ಬೇಗ ಮೈ ತಣಿಸುತ್ತದೆ ಎಂಬುದನ್ನು ತೋರಿಸಿಬಿಡುತ್ತದೆ. ಅದು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಪಡೆದು, ಬಿಟ್ಟ ದಾರಿಯಲ್ಲೇ, ಹಗಲಲ್ಲೇ ನಡೆಯಿರಿ. ಕರಡಿ ಇರುವ ಕಾಡು. ಗಾಳಿ ಮಳೆಯ ಸದ್ದಿನಲ್ಲಿ ನಿಮ್ಮ ಹೆಜ್ಜೆ ಅದಕ್ಕೆ ಕೇಳಿಸದು, ಹೆಚ್ಚಾಗಿ ಹತ್ತಿರದಲ್ಲಿ ದಿಢೀರನೆ ಎದುರಾದಾಗಲೇ ಅದು ಮೇಲೆ ಬೀಳುವುದು. ತಿರುವುಗಳಲ್ಲಿ ಕೋಲು ಬಡಿದು ಕೂಗು ಹಾಕಿ.

ಮನೆಯಲ್ಲಿ ಒಂದು ಚೀಟಿ ಬಿಡಿ: ಹೋಗುವ ದಾರಿ, ರಾತ್ರಿ ಉಳಿಯುವ ಜಾಗ, ಟೆಂಟಿನ ಬಣ್ಣ, ಫೋನ್ ಮಾಡುವ ಕೊನೆಯ ಗಡುವು. ಆ ಗಡುವು ಮೀರಿದರೆ ತುರ್ತು ಸಹಾಯದ 112ಕ್ಕೂ ಆ ಭಾಗದ ಅರಣ್ಯ ಕಚೇರಿಗೂ ಕರೆ ಮಾಡಬೇಕು ಎಂದು ಅದರಲ್ಲೇ ಬರೆಯಿರಿ. ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಗಡುವನ್ನು ವಾಪಸು ಬರುವ ಸಂಜೆಗಲ್ಲ, ಮರುದಿನ ಬೆಳಿಗ್ಗೆಗೆ ಇಡಿ. ಹಳ್ಳ ಇಳಿಯಲು ಕಾಯುತ್ತಾ ಕೂತಾಗ ಮನೆಯವರು ಹೆದರುವುದು ತಪ್ಪುತ್ತದೆ, ನೀವೂ ಗಡಿಬಿಡಿಯಲ್ಲಿ ನೀರಿಗೆ ಇಳಿಯುವುದಿಲ್ಲ.