ಟಿಪ್ಪುವನ್ನು ಕೊಂದವನು ವೆಲ್ಲಿಂಗ್ಟನ್ ತಾನೆ?

ಅಲ್ಲ.

ಶ್ರೀರಂಗಪಟ್ಟಣ ನೋಡಲು ನನ್ನ ಜೊತೆ ಬರುವ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಎಲ್ಲರೂ ಕೇಳುವುದು ಇದನ್ನೇ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆ ಬ್ರಿಟಿಷ್ ಸೇನಾನಿಯ ಬಗ್ಗೆ. ಕೇಳುತ್ತಾರೆ ಅಂದರೂ ತಪ್ಪು. ಆ 'ತಾನೆ' ಇದೆಯಲ್ಲ, ಅದು ಉತ್ತರವನ್ನು ಮೊದಲೇ ಕಿಸೆಯಲ್ಲಿ ಇಟ್ಟುಕೊಂಡು ಬಂದವರ ಮಾತು. ನಾನು ಬರೀ ತಲೆಯಾಡಿಸಬೇಕು. ಆಡಿಸುವುದಿಲ್ಲ.

1799ರ ಮೇ 4ರಂದು ಕೋಟೆಯ ಮೇಲೆ ಏರಿಹೋದ ಬ್ರಿಟಿಷ್ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಹೈದರ್-ಟಿಪ್ಪು ಗೆದ್ದ 1780ರ ಪೊಳ್ಳಿಲೂರಿನ ಕಾಳಗದಲ್ಲಿ ಸಿಕ್ಕಿಬಿದ್ದು ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಟಿಪ್ಪುವಿಗೆ ಗುಂಡಿಟ್ಟ ಸಿಪಾಯಿ ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ಟಿಪ್ಪುವಿನ ಶವ ಸಿಕ್ಕ ಜಾಗದಲ್ಲಿ ನಿಂತು ನೆಂಟರೊಬ್ಬರು ಮಗಳಿಗೆ ಅದೇ ವೆಲ್ಲಿಂಗ್ಟನ್ ಕಥೆ ಹೇಳುತ್ತಿದ್ದರು. ನಾನು ತಡೆದೆ, ಸ್ವಲ್ಪ ಜೋರಾಗಿಯೇ. ಅವರ ಮುಖ ಗಂಟಾಯಿತು. ಹುಡುಗಿ ಮಾತ್ರ ಕೇಳಿದಳು: "ಹಾಗಾದ್ರೆ ಅವನು ಆವತ್ತು ಎಲ್ಲಿದ್ದ?"

ಎಂಥ ಪ್ರಶ್ನೆ! ಅವನು ಕಂದಕದಲ್ಲಿ ಮೀಸಲು ಪಡೆಯ ಜೊತೆ ಕಾಯುತ್ತಿದ್ದ. ಆಗಿನ್ನೂ ವೆಲ್ಲಿಂಗ್ಟನ್ ಅಲ್ಲ, ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮಾರ್ನಿಂಗ್ಟನ್ ಅರ್ಲ್ ಮನೆತನದ ಕಿರಿಯ ಮಕ್ಕಳಲ್ಲೊಬ್ಬ. ಮೂವತ್ತು ತುಂಬಿ ಮೂರೇ ದಿನ. 33ನೇ ರೆಜಿಮೆಂಟಿನ ನಾಯಕತ್ವವನ್ನು ಅಂದಿನ ರೂಢಿಯಂತೆ ದುಡ್ಡು ಕೊಟ್ಟು ಕೊಂಡವನು. ಈ ದಾಳಿಗೆ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ್ದ. ಸೆರೆ ಸಿಕ್ಕ ಅವನ ಸೈನಿಕರನ್ನು ಕೊಂದು ಹಾಕಿದ್ದರು. ಮೇ 4ರ ಸಂಜೆ ಕೋಟೆಯೊಳಗೆ ಬಂದ. ಹೆಣಗಳ ರಾಶಿಯಲ್ಲಿ ಸಿಕ್ಕ ಟಿಪ್ಪುವಿನ ಮೈ ಇನ್ನೂ ಬಿಸಿಯಿತ್ತು. ಜೀವವಿದೆಯೇನೋ ಎಂದು ನಾಡಿ ಹಿಡಿದು ನೋಡಿದಾಗ ಅವನೂ ಅಲ್ಲಿದ್ದ. ಪಟ್ಟಣದ ಅಧಿಕಾರ ಸಿಕ್ಕಿದ್ದು ಬೇರ್ಡ್‌ಗಲ್ಲ, ಇವನಿಗೆ. ಗವರ್ನರ್ ಜನರಲ್ ಇವನ ಅಣ್ಣ. ಬೇರ್ಡ್ ಆ ಸಿಟ್ಟನ್ನು ಮರೆಯಲಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಮರೆಯುತ್ತಿರಲಿಲ್ಲ.

ನನ್ನನ್ನು ನಿಜವಾಗಿ ಕೇಳಬೇಕಾದದ್ದು ಸಲಾಬತ್ ಖಾನನ ಬಗ್ಗೆ. ಪಟ್ಟಣ ಬಿದ್ದ ದಿನ ಟಿಪ್ಪುವಿನ ಸೆರೆಮನೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ್, ಉಭಯ ಲೋಕಗಳಿಗೂ ದೊರೆ ಎಂದು ತನ್ನನ್ನೇ ಕರೆದುಕೊಂಡ. ವೆಲ್ಲೆಸ್ಲಿ ಅವನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ತುಂಗಭದ್ರೆ-ಕೃಷ್ಣೆಯರ ನಡುವಿನ ಕೋಣಗಲ್‌ನಲ್ಲಿ ಹಿಡಿದ. ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನುಗ್ಗಿದ. ಧೋಂಡಿಯ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಮಗ ಸಿಕ್ಕಿದ, ಅವನೇ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೇ ಕರೆಸಿಕೊಂಡು ಸಾಕಿದ. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಪಾಲನೆಗೆಂದು ಹಣ ಇಟ್ಟು ಹೋದ.

ಅಪ್ಪನನ್ನು ಕೊಂದವನ ಡೇರೆಯಲ್ಲಿ ಆ ಮಗು ಏನೆಂದು ಕರೆಯುತ್ತಿತ್ತೋ ಅವನನ್ನು? ಈ ಊರಿನಲ್ಲಿ ನಡೆಯುವಾಗೆಲ್ಲ ನನ್ನ ತಲೆಯಲ್ಲಿರುವುದು ಅದೇ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ನೌಕರಿಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.