ಹೆಸರು ಬರೆಯೋಕೆ ಜಾಗ ಇದ್ರೆ ಮಾತ್ರ ದಾನ

14 ಜೂನ್ 2025, ಶನಿವಾರ

ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇತ್ತು, ಈ ವರ್ಷದ ಮೊದಲನೆಯದು. ನೋಟಿಸಿನಲ್ಲಿ ಇದ್ದದ್ದು ದಾಖಲಾತಿ, ಬಿಸಿಯೂಟ, ಸಮವಸ್ತ್ರ. ಮಾತಾಡಿದ್ದು ಮಾತ್ರ ಒಂದೇ ವಿಷಯ: ಈ ಸಲ ದುಡ್ಡು ಯಾರ ಹತ್ತಿರ ಕೇಳೋದು?

ಹೆಡ್‌ ಮೇಡಂ ಮೊದಲು ಲೆಕ್ಕ ಹೇಳಿದರು. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30 ಮಕ್ಕಳ ತನಕ ವರ್ಷಕ್ಕೆ 10,000 ರೂಪಾಯಿ, 100ರ ತನಕ 25,000, 250ರ ತನಕ 50,000. ನಮ್ಮಲ್ಲಿ 112 ಮಕ್ಕಳು, ಹಾಗಾಗಿ 50,000. ರಿಜಿಸ್ಟರು, ಸೀಮೆಸುಣ್ಣ, ಒಡೆದ ಹೆಂಚು, ಕೆಟ್ಟ ಮೋಟಾರು, ಎಲ್ಲ ಅದರಲ್ಲೇ ಆಗಬೇಕು. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಅಂತ ನಿಯಮ. 5,000 ರೂಪಾಯಿಯನ್ನು 12 ತಿಂಗಳಿಗೆ ಹಂಚಿ ಬೋರ್ಡಿನ ಮೇಲೆ ಬರೆದರು. ತಿಂಗಳಿಗೆ 416 ರೂಪಾಯಿ ಚಿಲ್ಲರೆ.

"ಇದರಲ್ಲಿ ಫಿನಾಯಿಲ್ ತರಲಾ, ಇಲ್ಲ ಶೌಚಾಲಯ ತೊಳೆಯೋರಿಗೆ ಕೊಡಲಾ? ನೀವೇ ಹೇಳಿ ಅಧ್ಯಕ್ಷರೇ" ಅಂದರು. ಅಧ್ಯಕ್ಷರು ಕಿಟಕಿ ಕಡೆ ನೋಡಿದರು.

ಒಂದು ಒಳ್ಳೆಯದನ್ನೂ ಹೇಳಬೇಕು. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಿಸಿದ ಮೇಲೆ ಬಿಲ್ಲಿನ ತಲೆನೋವು ತಪ್ಪಿದೆ. ಉಳಿದದ್ದಕ್ಕೆ ದಾನಿಗಳೇ ಗತಿ.

ಹಾಗಂತ ನಮ್ಮ ಶಾಲೆಗೆ ದಾನಿಗಳ ಬರ ಏನೂ ಇಲ್ಲ. ಯಾವ ಕೋಣೆಗೆ ಹೋದರೂ ಗೊತ್ತಾಗುತ್ತದೆ. ಐದನೇ ತರಗತಿಯ ಫ್ಯಾನಿನ ಮೂರೂ ರೆಕ್ಕೆ ಮೇಲೆ ಕೆಂಪು ಬಣ್ಣದಲ್ಲಿ ಒಬ್ಬರ ಹೆಸರಿದೆ. ತಿರುಗುವಾಗ ಓದೋಕಾಗಲ್ಲ. ಕರೆಂಟು ಹೋದಾಗಲೇ ಪುಣ್ಯಾತ್ಮರು ನೆನಪಾಗುವುದು! ಬೀರುವಿನ ಬಾಗಿಲ ಮೇಲೆ "ತಂದೆಯವರ ಸ್ಮರಣಾರ್ಥ" ಅಂತ, ಹುಟ್ಟಿದ ದಿನ, ಹೋದ ದಿನದ ಸಮೇತ. ಊಟದ ತಟ್ಟೆ ತಿರುಗಿಸಿದರೆ ಅಲ್ಲೂ ಚುಕ್ಕಿ ಚುಕ್ಕಿಯಾಗಿ ಹೆಸರು. ನಾನು ಕುಹಕ ಆಡ್ತಿಲ್ಲ. ಆ ತಟ್ಟೆಯಲ್ಲೇ ನನ್ನ ಮಗಳೂ ಊಟ ಮಾಡೋದು. ಆದರೆ ತಗಾದೆ ಇರುವುದು ಇಲ್ಲೇ. ಹೆಸರು ಬರೆಯೋಕೆ ಜಾಗ ಇರುವ ವಸ್ತುವಿಗೆ ದುಡ್ಡು ಹುಟ್ಟುತ್ತದೆ. ಖರ್ಚಾಗಿ ಹೋಗುವುದಕ್ಕೆ ಹುಟ್ಟಲ್ಲ.

ಇವತ್ತೇ ಕಣ್ಣಾರೆ ಕಂಡೆ. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿ ಒಬ್ಬರಿಗೆ ಮೇಡಂ ಫೋನ್ ಮಾಡಿ ಸ್ಪೀಕರ್ ಹಾಕಿದರು. ಒಳ್ಳೆಯ ಮನುಷ್ಯ, ಹೋದ ವರ್ಷ ಧ್ವಜಕಟ್ಟೆ ಕಟ್ಟಿಸಿದವರು.

"ಶೌಚಾಲಯ ಬೇಕಾ ಮೇಡಂ? ಹೊಸದೇ ಕಟ್ಟಿಸಿಕೊಡ್ತೀನಿ."

"ಇರೋದೇ ಸಾಕು ಸಾರ್. ತೊಳೆಯೋರಿಗೆ ತಿಂಗಳು ತಿಂಗಳು ಏನಾದ್ರೂ ಕೊಡೋ ಹಾಗಾದ್ರೆ..."

"ತೊಳೆಯೋಕೆಲ್ಲ ದುಡ್ಡು ಅಂದ್ರೆ ಹೇಗೆ ಮೇಡಂ? ಅದು ಇಲಾಖೆಯವರು ನೋಡ್ಕೋಬೇಕಲ್ವಾ?"

ಅವರ ಮಾತು ಸರಿಯಾಗೇ ಇದೆ. ಅದೇ ಕಷ್ಟ. ಇಲಾಖೆ ನೋಡಿಕೊಳ್ಳಬೇಕಾದದ್ದು ಕಟ್ಟಡವನ್ನೂ ಅಲ್ವಾ?

ಕಂಪನಿಗಳದ್ದೂ ಇದೇ ಕತೆ. ಒಂದು ಕಂಪನಿ ಸ್ಮಾರ್ಟ್ ಟಿವಿ ಕೊಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಯಿತು. ಈಗ ಯುಪಿಎಸ್ ಬ್ಯಾಟರಿ ಸತ್ತಿದೆ. ಟಿವಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದಾರೆ. ಬ್ಯಾಟರಿ ಕೇಳಿದರೆ "ಈ ವರ್ಷ ನಮ್ಮ ಪ್ರಾಜೆಕ್ಟು ಬೇರೆ ತಾಲ್ಲೂಕಿನಲ್ಲಿ" ಅಂದರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾವಿರುವ ಸುತ್ತಮುತ್ತಲಿಗೇ ಆದ್ಯತೆ ಕೊಡಿ ಅಂತಲೂ ಅದರಲ್ಲೇ ಇದೆ. ಸರಿ, ಫ್ಯಾಕ್ಟರಿಯೇ ಇಲ್ಲದ ತಾಲ್ಲೂಕಿನವರು ಯಾರ ಸುತ್ತಮುತ್ತ ಹೋಗಿ ನಿಲ್ಲಬೇಕು? ಪಕ್ಕದ ಊರಿನ ಶಾಲೆಯಲ್ಲಿ 19 ಮಕ್ಕಳು. ಅಲ್ಲಿನ ಮೇಷ್ಟ್ರು ನಾಚಿಕೆ ಸ್ವಭಾವದವರು, ಕೇಳೋಕೆ ಬಾಯೇ ಬರಲ್ಲ. ಅವರಿಗೆ ಫ್ಯಾನೂ ಇಲ್ಲ, ಟಿವಿಯೂ ಇಲ್ಲ. ನಮ್ಮ ಮೇಡಮ್ಮಿಗೆ ಬಾಯಿ ಇದೆ, ಅಷ್ಟೇ ವ್ಯತ್ಯಾಸ.

ಖರ್ಚಾಗಿ ಹೋಗುವುದಕ್ಕೆ ದುಡ್ಡು ಹುಟ್ಟಲ್ಲ ಅಂದೆನಲ್ಲ, ಅದಕ್ಕೆ ಒಂದು ಅಪವಾದ ಇದೆ, ಬಿಸಿಯೂಟದ ಮೊಟ್ಟೆ. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿತ್ತು. 2024ರಿಂದ ಇನ್ನು ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ ದುಡ್ಡಿನಲ್ಲಿ ಬರುತ್ತಿದೆ. ಬೇಯಿಸಿ ಸುಲಿದ ಮೊಟ್ಟೆ ಮೇಲೆ ಯಾರ ಹೆಸರೂ ಇರಲ್ಲ. ತಿಂದರೆ ಮುಗೀತು. ನನಗೆ ಇದು ದೊಡ್ಡ ದಾನ ಅನಿಸುತ್ತದೆ. ಆದರೂ ಒಪ್ಪಂದ ಮೂರು ವರ್ಷಕ್ಕೆ. ಆಮೇಲೆ ಏನು ಅಂತ ಅಡುಗೆಯ ಅಕ್ಕ ಈಗಲೇ ಕೇಳ್ತಾರೆ.

ಸಭೆಯಲ್ಲಿ ಒಬ್ಬರು "ಪೋಷಕರ ಹತ್ರನೇ ತಿಂಗಳಿಗೆ ನೂರು ರೂಪಾಯಿ ಎತ್ತೋಣ" ಅಂದರು. ಇದು ಹೊಸದೇನಲ್ಲ. 2022ರ ಅಕ್ಟೋಬರ್‌ನಲ್ಲಿ ಇಲಾಖೆಯೇ ಇಂಥ ಸುತ್ತೋಲೆ ಹೊರಡಿಸಿತ್ತು. ಇಷ್ಟ ಇದ್ದವರು ಕೊಡಬಹುದು ಅಂತ. ಜನ ಬೈದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. ನಾನು ಇವತ್ತು ಖಡಾಖಂಡಿತವಾಗಿ ಬೇಡ ಅಂದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಅನ್ನುವ ಕಾನೂನು 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದೂ ಹೋಗಲಿ. ಹಳ್ಳಿಯಲ್ಲಿ "ಇಷ್ಟ ಇದ್ದರೆ" ಅನ್ನೋದೆಲ್ಲ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತಿಲ್ವಾ? ಪೋಷಕರ ಸಭೆಯಲ್ಲಿ ಪಟ್ಟಿ ಓದುತ್ತಾರೆ. ಕೊಡದವರ ಮಗು ತಲೆ ತಗ್ಗಿಸುತ್ತದೆ. ಕೂಲಿಗೆ ಹೋಗುವ ತಾಯಿ ಸಾಲ ಮಾಡಿ ತಂದುಕೊಡುತ್ತಾಳೆ.

ಆಗ ಅಧ್ಯಕ್ಷರು, "ಹಾಜಬ್ಬನಂಥವರು ನಮ್ಮೂರಲ್ಲಿ ಒಬ್ಬರೂ ಇಲ್ಲವಲ್ಲ" ಅಂತ ನಿಟ್ಟುಸಿರು ಬಿಟ್ಟರು. ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಿಸಿದಾಗ ನನಗೂ ಕಣ್ಣು ತುಂಬಿತ್ತು. ಆದರೆ ಕಿತ್ತಳೆ ಬುಟ್ಟಿ ಹೊತ್ತವರು ಶಾಲೆಗಾಗಿ ಅಷ್ಟು ಅಲೆಯಬೇಕಾಗಿ ಬಂತಲ್ಲ, ಅದನ್ನು ಯಾರೂ ಕೇಳಲ್ಲ. ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಇಡಿ ಅಂತ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಶಿಕ್ಷಣ ಆಯೋಗ 1966ರಲ್ಲೇ ಹೇಳಿತ್ತು. 2020ರ ಹೊಸ ಶಿಕ್ಷಣ ನೀತಿಯಲ್ಲೂ ಅದೇ ಶೇ 6 ಬರೆದಿದ್ದಾರೆ. ಇಲ್ಲಿ ನಾವು 416 ರೂಪಾಯಿಯಲ್ಲಿ ಫಿನಾಯಿಲ್ ಲೆಕ್ಕ ಹಾಕ್ತಾ ಕೂತಿದ್ದೇವೆ.

ಕೊನೆಗೆ ಎರಡು ತೀರ್ಮಾನ ಆಯಿತು. ಒಂದು, ಸ್ವಚ್ಛತೆಯವರ ಸಂಬಳಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮತ್ತೊಂದು ಅರ್ಜಿ, ಈ ಸಲ ಎಲ್ಲ ಸದಸ್ಯರ ಸಹಿ ಹಾಕಿ. ಇನ್ನೊಂದು ನನ್ನ ಸಲಹೆ. ಗೇಟಿನ ಹತ್ತಿರ ಒಂದು ಕಪ್ಪು ಹಲಗೆ ಹಾಕಿ "ಈ ತಿಂಗಳು ಶೌಚಾಲಯ ಸ್ವಚ್ಛ ಇಡಿಸಿದವರು" ಅಂತ ಬರೆದು, ಕೆಳಗೆ ಸೀಮೆಸುಣ್ಣದಲ್ಲಿ ದಾನಿಯ ಹೆಸರು. ತಿಂಗಳಾದ ಮೇಲೆ ಅಳಿಸಿ ಇನ್ನೊಬ್ಬರದ್ದು. ಮೇಡಂ ಜೋರಾಗಿ ನಕ್ಕರು, ಆಮೇಲೆ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಹೆಸರಿನ ಆಸೆ ತಪ್ಪೇನಲ್ಲ. ಅದನ್ನು ಫ್ಯಾನಿನಿಂದ ಬಕೆಟ್ಟಿನ ಕಡೆಗೆ ತಿರುಗಿಸೋಕಾಗುತ್ತಾ ನೋಡಬೇಕು.

ಜುಲೈ ತಿಂಗಳಿಗೆ ಅಧ್ಯಕ್ಷರು ತಮ್ಮ ಹೆಸರನ್ನೇ ಬರೆಸಿದ್ದಾರೆ. ಆಗಸ್ಟ್‌ಗೆ ಇನ್ನೂ ಯಾರೂ ಇಲ್ಲ.