ದೊಡ್ಡಪ್ಪನ ಬೆಟ್ಟದ ಪುಸ್ತಕ ಡೇಟಾ ವ್ಯಾಲಿಡೇಟರ್‌ಗೆ ಹೋದ ಕಥೆ: ಇಲ್ಲಿವರೆಗಿನ ಟಿಪ್ಪಣಿ

ಶಿರಸಿ ತಾಲೂಕಿನ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಯಾವ ಮರ ಯಾವಾಗ ಹೂ ಬಿಟ್ಟಿತು, ಯಾವಾಗ ಕಾಯಿ ಕಟ್ಟಿತು ಎಂದು ದೊಡ್ಡಪ್ಪ 1980ರ ದಶಕದಿಂದ ಬರೆದಿಟ್ಟಿದ್ದಾರೆ. ಆ ಪುಸ್ತಕಗಳನ್ನು ಟೈಪ್ ಮಾಡಿ, ಜಿಬಿಐಎಫ್‌ಗೆ ಕೊಡುವಷ್ಟು ಚೊಕ್ಕ ಮಾಡುವುದು ನಾನು ಹಿಡಿದುಕೊಂಡಿರುವ ಕೆಲಸ. ಸೊಪ್ಪಿನ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ತೋಟಿಗರಿಗೆ ಬಿಟ್ಟುಕೊಟ್ಟ ಕಾಡು. ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ, ಬಯಲುಸೀಮೆಯ ಓದುಗರಿಗಾಗಿ ಹೇಳಿದೆ. ಜಿಬಿಐಎಫ್ 2001ರಲ್ಲಿ ಶುರುವಾದ ಜಾಗತಿಕ ಜೀವವೈವಿಧ್ಯ ದತ್ತಾಂಶ ಜಾಲ. ಅದರ ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಯಾವ ಜೀವಿ, ಎಲ್ಲಿ, ಯಾವಾಗ ಕಂಡಿತು ಎಂಬ ದಾಖಲೆಗಳನ್ನು ಪ್ರಪಂಚದ ಮೂಲೆಮೂಲೆಯಿಂದ ಒಟ್ಟುಹಾಕಿ, ಯಾರು ಬೇಕಾದರೂ ಬಳಸುವ ಹಾಗೆ ಇಟ್ಟಿದೆ.

ಜಿಬಿಐಎಫ್‌ನವರ ಡೇಟಾ ವ್ಯಾಲಿಡೇಟರ್ ಬ್ರೌಸರ್‌ನಲ್ಲೇ ನಡೆಯುವ ಸಾಧನ. ಲಾಗಿನ್ ಆಗಿ, ಎಕ್ಸೆಲ್ ಅಥವಾ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನೋ, ‘ಡಾರ್ವಿನ್ ಕೋರ್ ಆರ್ಕೈವ್’ ಎಂಬ ಜಿಪ್ ಗಂಟನ್ನೋ ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ವರದಿ ಬರುತ್ತದೆ. ಕಡತವನ್ನು ಜಾಲಕ್ಕೆ ಸೇರಿಸಿಕೊಳ್ಳಬಹುದೋ ಇಲ್ಲವೋ, ಯಾವ ಕಾಲಂ ಎಷ್ಟು ತುಂಬಿದೆ, ಎಷ್ಟು ಸಾಲುಗಳಲ್ಲಿ ಯಾವ ತಕರಾರು, ಎಲ್ಲ ಅದರಲ್ಲಿರುತ್ತದೆ. ಒಂದು ವಿಷಯ ಸ್ಪಷ್ಟವಾಗಿರಲಿ: ಇಲ್ಲಿ ಹಾಕಿದ್ದು ಎಲ್ಲೂ ಪ್ರಕಟವಾಗುವುದಿಲ್ಲ, ಪರೀಕ್ಷೆ ಮಾತ್ರ. ಹಾಗಾಗಿ ಅರೆಬೆಂದ ಕಡತವನ್ನೂ ಧೈರ್ಯವಾಗಿ ಹಾಕಿ ನೋಡಬಹುದು. ನಾನು ಹಾಕಿದ್ದೂ ಅರೆಬೆಂದದ್ದನ್ನೇ.

ಮಾರ್ಚ್: ಕಾಲಂಗಳು

ಜೀವಿಗಳ ದಾಖಲೆಯನ್ನು ಹೇಗೆ ಬರೆಯಬೇಕೆಂದು ಹೇಳುವ ಡಾರ್ವಿನ್ ಕೋರ್ ಎಂಬ ಮಾನಕ 2009ರಲ್ಲಿ ಅಂಗೀಕಾರವಾಗಿದೆ. ಪ್ರತಿ ಕಾಲಂಗೂ ಅದು ನಿಗದಿಪಡಿಸಿದ ಹೆಸರನ್ನೇ ಇಡಬೇಕು. ನಮ್ಮಂಥ ವೀಕ್ಷಣೆಯ ದಾಖಲೆಗೆ ನಾಲ್ಕು ಕಾಲಂ ಇಲ್ಲದೆ ಆಗುವುದಿಲ್ಲ: ಪ್ರತಿ ಸಾಲಿಗೆ ಒಂದು ಗುರುತುಸಂಖ್ಯೆ, ದಾಖಲೆಯ ಬಗೆ, ವೈಜ್ಞಾನಿಕ ಹೆಸರು, ದಿನಾಂಕ. ದಾಖಲೆಯ ಬಗೆಗೆ ‘ಹ್ಯೂಮನ್ ಅಬ್ಸರ್ವೇಶನ್’ ಎಂದು ಹಾಕಿದ್ದಾಯಿತು. ಒಣಗಿಸಿಟ್ಟ ಎಲೆ, ಹರ್ಬೇರಿಯಂ ಹಾಳೆ ಏನೂ ಇಲ್ಲ, ಕಣ್ಣಾರೆ ಕಂಡು ಬರೆದದ್ದಷ್ಟೇ.

ಗುರುತುಸಂಖ್ಯೆಗೆ ಒಂದು ಎರಡು ಮೂರು ಎಂದು ಸಾಲು ಎಣಿಸಿ ಕೊಡುವುದು ಸುಲಭ. ಆದರೆ ನಾಳೆ ಯಾರೋ ಕಡತವನ್ನು ಅಕಾರಾದಿಯಾಗಿ ಜೋಡಿಸಿ ಮತ್ತೆ ಎಣಿಸಿದರೆ ಯಾವ ಮರಕ್ಕೆ ಯಾವ ಸಂಖ್ಯೆ ಎಂಬುದೇ ಅಳಿಸಿಹೋಗುತ್ತದೆ. ಅದಕ್ಕೆ ಪುಸ್ತಕ, ಪುಟ, ಸಾಲು ಮೂರನ್ನೂ ಸೇರಿಸಿ ಸಂಖ್ಯೆ ಮಾಡಿದೆ. ಎರಡನೇ ಪುಸ್ತಕದ 47ನೇ ಪುಟದ ಮೂರನೇ ಸಾಲು ಅಂದರೆ 2-047-03. ಇದರಿಂದ ಇನ್ನೊಂದು ಲಾಭ ಆಯಿತು. ವ್ಯಾಲಿಡೇಟರ್ ಯಾವ ಸಾಲಿನ ಮೇಲೆ ಬೆರಳಿಟ್ಟರೂ ಸೀದಾ ಆ ಪುಟ ತೆರೆದು ದೊಡ್ಡಪ್ಪನ ಅಕ್ಷರ ನೋಡಬಹುದು. ಒಂದೇ ಸಂಖ್ಯೆ ಎರಡು ಕಡೆ ಬಿದ್ದಿದ್ದರೂ ಅದೇ ಹೇಳುತ್ತದೆ.

ಟೈಪಿಂಗ್‌ನಲ್ಲಿ ಅರ್ಧ ದೊಡ್ಡಪ್ಪನ ಮೊಮ್ಮಗಳದ್ದು. ಮರದ ಕನ್ನಡ ಹೆಸರುಗಳನ್ನು ‘ವರ್ನಾಕ್ಯುಲರ್ ನೇಮ್’ ಕಾಲಂನಲ್ಲಿ ಕನ್ನಡ ಲಿಪಿಯಲ್ಲೇ ಇಟ್ಟೆವು. ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಹೊನ್ನೆ, ನಂದಿ, ಬೈನೆ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆ ಪಟ್ಟಿಯಲ್ಲೇ ಇದೆ, ಅದನ್ನೇ ಆರಿಸಬೇಕು. ಕನ್ನಡದಲ್ಲಿ ಡೇಟಾ ಇಟ್ಟುಕೊಂಡ ಎಲ್ಲರೂ ಒಮ್ಮೆಯಾದರೂ ಈ ಪ್ರಶ್ನಾರ್ಥಕಗಳ ಮುಂದೆ ಕೂತಿರುತ್ತಾರೆ.

ಏಪ್ರಿಲ್: ದಿನಾಂಕಗಳು, ಇದೇ ದೊಡ್ಡ ಅಧ್ಯಾಯ

ಮೊದಲ ವರದಿಯಲ್ಲಿ ಅತಿ ಹೆಚ್ಚು ತಕರಾರು ಬಂದದ್ದು ದಿನಾಂಕಕ್ಕೆ. ಮೂಲದಲ್ಲಿ ‘5-6-91’ ಎಂದಿದೆ. ದೊಡ್ಡಪ್ಪ ಬರೆದದ್ದು ಜೂನ್ 5. ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್ ಅದನ್ನು ಮೇ 6 ಮಾಡಿಬಿಡುತ್ತದೆ. ‘13-6-91’ ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರವೆಂದು ಹಾಗೇ ಬಿಡುತ್ತದೆ. ಕಾಲಂ ನೋಡಿದರೇ ಗೊತ್ತಾಗುತ್ತದೆ: ದಿನಾಂಕವೆಂದು ತಿಳಿದವು ಬಲಕ್ಕೆ ಒತ್ತಿಕೊಂಡಿರುತ್ತವೆ, ಉಳಿದವು ಎಡಕ್ಕೆ. ಹೀಗೆ ಎರಡು ಬಣವಾದ ಕಾಲಂ ಕಂಡರೆ ಮುಂದೆ ಹೋಗಬೇಡಿ. ಇಡೀ ಕಾಲಂ ಅನ್ನು ಮೊದಲು ‘ಟೆಕ್ಸ್ಟ್’ ಮಾಡಿಕೊಂಡು, ವರ್ಷ-ತಿಂಗಳು-ದಿನ ಕ್ರಮದಲ್ಲಿ 1991-06-05 ಎಂದು ಬರೆದರೆ ವ್ಯಾಲಿಡೇಟರ್‌ಗೂ ಗೊಂದಲವಿಲ್ಲ, ಮನುಷ್ಯರಿಗೂ ಇಲ್ಲ.

ಇದು ಯಾವ ಪಟ್ಟಿಯಲ್ಲಾದರೂ ಬರುವ ತೊಂದರೆ. ನಮ್ಮದೇ ಆದದ್ದು ಬೇರೆ ಇದೆ. ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಹಾಗೆಯೇ ಪಂಚಾಂಗ ನೋಡಿ ತೋಟದ ಕೆಲಸ ಮಾಡಿದವರು. ಪುಸ್ತಕದಲ್ಲಿ ಎರಡೂ ಕಾಲಗಣನೆ ಬೆರೆತಿವೆ. ‘ಮಾಘ ಬಹುಳ, ಸುರಗಿ ಹೂ ಶುರು’ ಎಂದು ಒಂದು ಸಾಲು. ‘ಆರಿದ್ರಾ ಮಳೆ ಹಿಡಿದ ಮೇಲೆ ನೇರಳೆ ಹಣ್ಣು ಪೂರಾ ಉದುರಿತು’ ಎಂದು ಇನ್ನೊಂದು. ವರ್ಷ ಪುಟದ ತಲೆಯಲ್ಲಿದೆ, ದಿನ ಎಲ್ಲೂ ಇಲ್ಲ.

ಇಂಥ ಸಾಲುಗಳಿಗೆ ಮೊದಲು ಹೊಳೆಯುವ ದಾರಿ ಅಂದಾಜಿನ ಒಂದು ದಿನ ಹಾಕಿಬಿಡುವುದು. ಆರಿದ್ರಾ ಅಂದರೆ ಜೂನ್ ಕೊನೆ, ಜೂನ್ 25 ಎಂದರಾಯಿತು. ವ್ಯಾಲಿಡೇಟರ್ ತುಟಿ ಪಿಟಕ್ ಅನ್ನುವುದಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಆಕಾರದ ದಿನಾಂಕ, ನಿಜವಾದ ದಿನಾಂಕವಲ್ಲ. ಆದರೆ ಹವಾಮಾನಕ್ಕೂ ಹೂ ಬಿಡುವ ಕಾಲಕ್ಕೂ ತಾಳೆ ಹಾಕುವ ಸಂಶೋಧಕರು ನಾಳೆ ಈ ಕಡತ ಇಳಿಸಿಕೊಂಡರೆ, ದೊಡ್ಡಪ್ಪ ಹೇಳದೇ ಇದ್ದ ಜೂನ್ 25 ಅವರ ಲೆಕ್ಕಕ್ಕೆ ಸೇರುತ್ತದೆ. ಒಂದು ದಶಕದಲ್ಲಿ ಹೂ ನಾಲ್ಕು ದಿನ ಮುಂಚೆ ಬಂತೋ ಇಲ್ಲವೋ ಎಂದು ಹುಡುಕುವವರಿಗೆ ಅದು ಸಣ್ಣ ಸುಳ್ಳಲ್ಲ.

ಮಾನಕದಲ್ಲಿ ಇದಕ್ಕೆ ಜಾಗ ಇದೆ ಎಂಬುದೇ ನನಗೆ ಈ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ. ‘ಈವೆಂಟ್ ಡೇಟ್’ ಕಾಲಂನಲ್ಲಿ ಎರಡು ದಿನಾಂಕಗಳ ನಡುವೆ ಓರೆಗೆರೆ ಹಾಕಿ ಅವಧಿಯನ್ನೇ ಕೊಡಬಹುದು. ಸೂರ್ಯ ಆರಿದ್ರಾ ನಕ್ಷತ್ರದಲ್ಲಿರುವುದು ಸುಮಾರು ಜೂನ್ 22ರಿಂದ ಜುಲೈ 5ರವರೆಗೆ. ಆದ್ದರಿಂದ 1991ರ ಆ ಸಾಲು 1991-06-22/1991-07-05 ಆಯಿತು. ಮಾಘ ಬಹುಳಕ್ಕೆ ಪಂಚಾಂಗವೇ ಬೇಕು, ಏಕೆಂದರೆ ಪ್ರತಿ ವರ್ಷ ಜರುಗುತ್ತದೆ. 1990ರಲ್ಲಿ ಅದು ಫೆಬ್ರವರಿ 10ರಿಂದ 25ರವರೆಗೆ ಇತ್ತು. ಅದರ ಪಕ್ಕದಲ್ಲೇ ‘ವರ್ಬ್ಯಾಟಿಮ್ ಈವೆಂಟ್ ಡೇಟ್’ ಎಂಬ ಕಾಲಂ ಇದೆ. ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಡಲು ಮಾಡಿದ ಜಾಗ. ಅಲ್ಲಿ ‘ಆರಿದ್ರಾ ಮಳೆ ಹಿಡಿದ ಮೇಲೆ’ ಎಂದು ಕನ್ನಡದಲ್ಲೇ ಬರೆದೆ. ನನ್ನ ಲೆಕ್ಕ ಯಾರಿಗಾದರೂ ಸರಿ ಕಾಣದಿದ್ದರೆ ಮೂಲ ಅಲ್ಲೇ ಇದೆ, ತಿದ್ದಿಕೊಳ್ಳಲಿ.

ರೋಹಿಣಿಯಿಂದ ಆಶ್ಲೇಷದವರೆಗೆ ಎಲ್ಲ ಮಳೆ ನಕ್ಷತ್ರಗಳಿಗೂ ಒಂದು ಚಿಕ್ಕ ಕೋಷ್ಟಕ ಮಾಡಿಟ್ಟಿದ್ದೇನೆ. ಮಲೆನಾಡಿನ ಹಳೆಯ ಡೈರಿಗಳನ್ನು ಹಿಡಿದು ಕೂರುವವರಿಗೆ ಇದು ಮೊದಲ ದಿನವೇ ಬೇಕಾಗುತ್ತದೆ.

ಮೇ: ಹೆಸರುಗಳು

ದೊಡ್ಡಪ್ಪ ಕಲಿತದ್ದು ಹಳೆಯ ಸಸ್ಯಶಾಸ್ತ್ರ. ನೇರಳೆಗೆ ‘ಯೂಜೀನಿಯ ಜಂಬೊಲಾನ’, ಉಪ್ಪಾಗೆಗೆ ‘ಗಾರ್ಸೀನಿಯ ಕಾಂಬೋಜಿಯ’. ಇವತ್ತಿನ ಪುಸ್ತಕಗಳಲ್ಲಿ ಇವು ಕ್ರಮವಾಗಿ ಸಿಜೀಜಿಯಂ ಕ್ಯೂಮಿನಿ, ಗಾರ್ಸೀನಿಯ ಗಮ್ಮಿ-ಗುಟ್ಟ. ಎಲ್ಲವನ್ನೂ ಹೊಸ ಹೆಸರಿಗೆ ಬದಲಿಸಲೇ ಎಂದು ಯೋಚಿಸುತ್ತಿದ್ದೆ, ಬೇಕಾಗಲಿಲ್ಲ. ಜಿಬಿಐಎಫ್‌ಗೆ ಹೆಸರು ಹೊಂದಿಸಲು ಒಂದು ಪಟ್ಟಿ ಇದೆ. ಹಳೆಯ ಹೆಸರನ್ನು ಪರ್ಯಾಯನಾಮವೆಂದು ಗುರುತಿಸಿ, ಈಗಿನ ಹೆಸರಿಗೆ ತಾನೇ ಜೋಡಿಸಿಕೊಳ್ಳುತ್ತದೆ. ಹಾಗಾಗಿ ಹೆಸರುಗಳನ್ನು ಪುಸ್ತಕದಲ್ಲಿದ್ದಂತೆಯೇ ಬಿಟ್ಟೆ.

ಕಾಗುಣಿತ ಒಂದಕ್ಷರ ಆಚೀಚೆ ಆದರೆ ‘ಫಜಿ ಮ್ಯಾಚ್’ ಎಂಬ ಎಚ್ಚರಿಕೆ ಬರುತ್ತದೆ. ಸಾಧನವೇ ಹತ್ತಿರದ ಹೆಸರನ್ನು ಊಹಿಸಿದೆ ಎಂದು ಅದರ ಅರ್ಥ. ಊಹೆ ಬಹುತೇಕ ಸರಿಯೇ ಇರುತ್ತದೆ, ಅದಕ್ಕೇ ಅಪಾಯ. ಒಂದೊಂದನ್ನೂ ನೋಡಿಯೇ ಬಿಡಬೇಕು. ‘ಹೈಯರ್ ರ‍್ಯಾಂಕ್’ ಎಂಬ ಇನ್ನೊಂದಿದೆ: ಪ್ರಭೇದ ಸಿಗಲಿಲ್ಲ, ಅದಕ್ಕಿಂತ ಮೇಲಿನ ಕುಲಕ್ಕೋ ಕುಟುಂಬಕ್ಕೋ ಹೊಂದಿಸಿದ್ದೇನೆ ಎಂದು.

ತಮಾಷೆ ಇದ್ದದ್ದು ಗೋಳಿ, ಬಸರಿ, ಅತ್ತಿಗಳಲ್ಲಿ. ಕೆಲವು ಸಾಲುಗಳಲ್ಲಿ ದೊಡ್ಡಪ್ಪ ಬರೀ ‘ಫೈಕಸ್’ ಎಂದು ಬಿಟ್ಟಿದ್ದಾರೆ. ಅದೇ ಹೆಸರಿನ ಸಮುದ್ರದ ಬಸವನಹುಳುವಿನ ಕುಲವೂ ಒಂದಿದೆ! ಸಸ್ಯಗಳಿಗೂ ಪ್ರಾಣಿಗಳಿಗೂ ನಾಮಕರಣದ ನಿಯಮಾವಳಿ ಬೇರೆ ಬೇರೆ, ಆದ್ದರಿಂದ ಒಂದೇ ಹೆಸರು ಎರಡೂ ಕಡೆ ಇರಲು ಅಡ್ಡಿಯಿಲ್ಲ. ‘ಕಿಂಗ್‌ಡಮ್’ ಕಾಲಂನಲ್ಲಿ ಪ್ಲಾಂಟೇ ಎಂದು ತುಂಬದಿದ್ದರೆ ನಮ್ಮ ಗೋಳಿಮರ ಬೆಟ್ಟದ್ದೋ ಕಡಲಿನದ್ದೋ ಎಂದು ಸಾಧನ ಹೇಗೆ ತಿಳಿಯಬೇಕು? ಎಲ್ಲವೂ ಮರಗಳೇ ಇರುವ ಪಟ್ಟಿಯಲ್ಲಿ ಈ ಕಾಲಂ ದಂಡ ಎಂದು ಅನಿಸಬಹುದು. ತುಂಬಿ.

ವೈಜ್ಞಾನಿಕ ಹೆಸರೇ ಇಲ್ಲದ ಸಾಲುಗಳೂ ಇದ್ದವು. ‘ಧೂಪ’ ಎಂದಷ್ಟೇ ಇದ್ದರೆ ಏನು ಮಾಡುವುದು? ಕನೇರಿಯಂ ಸ್ಟ್ರಿಕ್ಟಮ್ ಕೂಡ ಧೂಪ, ವಟೇರಿಯ ಇಂಡಿಕ ಕೂಡ ಧೂಪ, ಕುಟುಂಬಗಳೇ ಬೇರೆ. ಫೋನ್ ಮಾಡಿ ಕೇಳಿದೆ.

“ತಮಾ, ಕಪ್ಪು ರಾಳ ಬರ್ತಲ, ಅದು,” ಅಂದರು ದೊಡ್ಡಪ್ಪ. “ಯಾವ ಪುಟ? ನಲವತ್ತೇಳಾ? ಅದು ಹಳ್ಳದ ಬದಿ ಮರ. ಈಗಿಲ್ಲೆ.”

ಕಪ್ಪು ರಾಳ ಅಂದಮೇಲೆ ಕನೇರಿಯಂ. ಆ ಮರ ಈಗಿಲ್ಲ ಎಂಬುದನ್ನು ಷರಾ ಕಾಲಂನಲ್ಲಿ ಸೇರಿಸಿದೆ. ‘ಮತ್ತಿ’ಗೆ ಮಾತ್ರ ಅವರಿಗೂ ಕೆಲವೆಡೆ ಹೊಳೆಮತ್ತಿಯೋ ಕರಿಮತ್ತಿಯೋ ನೆನಪಾಗಲಿಲ್ಲ. ಅಲ್ಲಿ ‘ಟರ್ಮಿನೇಲಿಯ’ ಎಂಬ ಕುಲಕ್ಕೇ ನಿಲ್ಲಿಸಿ, ದರ್ಜೆಯ ಕಾಲಂನಲ್ಲಿ ಕುಲ ಎಂದೇ ಹಾಕಿದೆ.

ಜೂನ್: ನಕ್ಷೆ

ಬೆಟ್ಟದ ಒಂದೊಂದು ಮೂಲೆಗೂ ಮನೆಯಲ್ಲಿ ಹೆಸರಿದೆ, ಅಕ್ಷಾಂಶ-ರೇಖಾಂಶ ಇಲ್ಲ. ಮೊಮ್ಮಗಳು ಆ ಮೂಲೆಗಳಿಗೆ ಹೋಗಿ ಫೋನ್‌ನಲ್ಲಿ ಗುರುತು ಹಾಕಿಕೊಂಡು ಬಂದಳು. ಫೋನ್ ಕೊಟ್ಟದ್ದು ಡಿಗ್ರಿ, ಮಿನಿಟ್, ಸೆಕೆಂಡ್‌ನಲ್ಲಿ. ಡಾರ್ವಿನ್ ಕೋರ್ ಕೇಳುವುದು ದಶಮಾಂಶದಲ್ಲಿ.

ಇಲ್ಲಿ ಸಾಧನಕ್ಕೆ ಬೇಕಂತಲೇ ಕೆಲವು ಸುಳ್ಳು ಹೇಳಿ ನೋಡಿದೆ. ನೆಚ್ಚಿಕೊಳ್ಳುವ ಮುಂಚೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಗೊತ್ತಿರಬೇಕಲ್ಲ. ಶಿರಸಿಯ ಹತ್ತಿರದ ಒಂದು ಬಿಂದು, 14.62 ಮತ್ತು 74.84, ಎರಡನ್ನೂ ಅದಲುಬದಲು ಮಾಡಿ ಹಾಕಿದೆ. ಹಾಗೆ ಹಾಕಿದರೆ ಮರ ನಾರ್ವೆಯ ಉತ್ತರಕ್ಕೆ ಆರ್ಕ್ಟಿಕ್ ಕಡಲಲ್ಲಿ ನಿಲ್ಲುತ್ತದೆ. ದೇಶದ ಕಾಲಂನಲ್ಲಿ ಭಾರತದ ಎರಡಕ್ಷರದ ಸಂಕೇತ ಇದ್ದುದರಿಂದ ‘ಅದಲುಬದಲಾಗಿರಬಹುದು’ ಎಂದು ತಕ್ಷಣ ಹಿಡಿಯಿತು. ದೇಶದ ಸಂಕೇತ ಇಲ್ಲದಿದ್ದರೆ ಹೋಲಿಸಿ ನೋಡಲು ಅದರ ಬಳಿ ಏನೂ ಇರುವುದಿಲ್ಲ.

ಎರಡನೇ ಸುಳ್ಳು ಇನ್ನೂ ನಯವಾದದ್ದು. ಅದೇ ಬಿಂದು 14 ಡಿಗ್ರಿ 37 ಮಿನಿಟ್ 12 ಸೆಕೆಂಡ್, 74 ಡಿಗ್ರಿ 50 ಮಿನಿಟ್ 24 ಸೆಕೆಂಡ್. ಅದನ್ನು ಅರವತ್ತರಿಂದ ಭಾಗಿಸದೆ 14.3712, 74.5024 ಎಂದು ಹಾಗೇ ಚುಕ್ಕಿ ಇಟ್ಟು ಬರೆದೆ. ಮರ ಸುಮಾರು 45 ಕಿಲೋಮೀಟರ್ ನೈಋತ್ಯಕ್ಕೆ ಜರುಗಿ, ಘಟ್ಟದ ಕೆಳಗೆ ಹೊನ್ನಾವರದ ಕಡೆ ಹೋಯಿತು. ವ್ಯಾಲಿಡೇಟರ್‌ಗೆ ಯಾವ ತಕರಾರೂ ಇಲ್ಲ. ಭಾರತದ ಒಳಗೇ ಇದೆ, ನೆಲದ ಮೇಲೇ ಇದೆ, ಇನ್ನೇನು? ಇದನ್ನು ಹಿಡಿಯಲು ನಕ್ಷೆಯ ಮೇಲೆ ಚುಕ್ಕಿಗಳನ್ನು ಹರಡಿ ಊರು ಬಲ್ಲವರೇ ನೋಡಬೇಕು. ನಾವು ಹಾಗೇ ನೋಡಿದೆವು.

‘ಕೋಆರ್ಡಿನೇಟ್ ಅನ್‌ಸರ್ಟೆನ್ಟಿ’ ಎಂಬ ಕಾಲಂ ಅನ್ನು ಬಹಳ ಜನ ಖಾಲಿ ಬಿಡುತ್ತಾರೆ. ಬಿಡಬಾರದು. ‘ಮೇಲಿನ ಬೆಟ್ಟ’ ಎಂದಷ್ಟೇ ಬರೆದ ಸಾಲಿಗೆ ಐದು ದಶಮಾಂಶ ಸ್ಥಾನದ ಬಿಂದು ಕೊಟ್ಟರೆ, ಅದು ಮೀಟರ್ ಲೆಕ್ಕದ ನಿಖರತೆಯ ವೇಷ. ಅಲ್ಲಿ 500 ಮೀಟರ್ ಎಂದು ಬರೆದರೆ ಓದುವವರಿಗೆ ಸತ್ಯ ಗೊತ್ತಾಗುತ್ತದೆ.

ಶ್ರೀಗಂಧದ ಸಾಲುಗಳ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಯಿತು. ಪ್ರಪಂಚಕ್ಕೆ ತೆರೆದ ನಕ್ಷೆಯಲ್ಲಿ ಗಂಧದ ಮರದ ಜಾಗ ತೋರಿಸುವುದು ಯಾವ ಜಾಣತನ? ಪೂರ್ತಿ ಬಿಟ್ಟುಬಿಡಿ ಎಂದು ದೊಡ್ಡಮ್ಮ. ಬಿಟ್ಟರೆ ದಾಖಲೆ ಅಪೂರ್ಣ ಎಂದು ದೊಡ್ಡಪ್ಪ. ಕೊನೆಗೆ ಒಂದೇ ದಶಮಾಂಶ ಸ್ಥಾನ ಉಳಿಸಿದೆವು. 0.1 ಡಿಗ್ರಿ ಅಂದರೆ ಸುಮಾರು 11 ಕಿಲೋಮೀಟರ್. ಹೀಗೆ ಒರಟು ಮಾಡಿದ್ದೇವೆ ಎಂದು ಹೇಳಲೂ ‘ಡೇಟಾ ಜನರಲೈಸೇಶನ್ಸ್’ ಎಂಬ ಪ್ರತ್ಯೇಕ ಕಾಲಂ ಇದೆ. ಅದನ್ನು ತುಂಬಿದೆ. ಇಂಥದ್ದನ್ನು ಯಾವ ವ್ಯಾಲಿಡೇಟರೂ ನೆನಪಿಸುವುದಿಲ್ಲ.

ಈಗ ಎಲ್ಲಿದೆ

ಮೊದಲ ಎರಡು ಪುಸ್ತಕಗಳ ಕಡತ ‘ಸೇರಿಸಿಕೊಳ್ಳಬಹುದು’ ಎಂಬ ಷರಾ ಪಡೆದಿದೆ. ಉಳಿದ ಎಚ್ಚರಿಕೆಗಳು ನಾನು ತಿಳಿದೇ ಬಿಟ್ಟವು. ಮತ್ತಿಯ ಸಾಲುಗಳಲ್ಲಿ ಪ್ರಭೇದ ಇಲ್ಲ, ಇರುವುದೂ ಬೇಡ.

ಬರೀ ಸಿಎಸ್‌ವಿ ಹಾಕಿದರೆ ಸಾಲುಗಳ ಪರೀಕ್ಷೆ ಮಾತ್ರ ಆಗುತ್ತದೆ. ಇಡೀ ಸಂಗ್ರಹದ ಮೆಟಾಡೇಟಾ, ಅಂದರೆ ಶೀರ್ಷಿಕೆ, ಯಾರು ಬರೆದದ್ದು, ಹೇಗೆ ಬರೆದದ್ದು, ಯಾವ ಲೈಸೆನ್ಸ್ ಎಂಬ ವಿವರ, ಆರ್ಕೈವ್ ಒಳಗಿನ ಪ್ರತ್ಯೇಕ ಎಕ್ಸ್‌ಎಂಎಲ್ ಕಡತದಲ್ಲಿ ಇರುತ್ತದೆ. ಅದನ್ನು ಈಗ ಬರೆಯುತ್ತಿದ್ದೇನೆ. ಜಿಬಿಐಎಫ್ ಒಪ್ಪುವ ಲೈಸೆನ್ಸ್ ಮೂರೇ: ಸಿಸಿ ಝೀರೊ (ಯಾವ ಷರತ್ತೂ ಇಲ್ಲ), ಸಿಸಿ ಬೈ (ಹೆಸರು ಹೇಳಬೇಕು), ಸಿಸಿ ಬೈ-ಎನ್‌ಸಿ (ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸುವಂತಿಲ್ಲ). ಬಳಸಿದವರು ಹೆಸರು ಹೇಳಲಿ ಎಂಬುದಷ್ಟೇ ದೊಡ್ಡಪ್ಪನ ಆಸೆ, ಹಾಗಾಗಿ ಸಿಸಿ ಬೈ.

ಖಾಸಗಿ ವ್ಯಕ್ತಿಗಳು ಜಿಬಿಐಎಫ್‌ಗೆ ನೇರವಾಗಿ ಕೊಡುವಂತಿಲ್ಲ, ಅಲ್ಲಿ ನೋಂದಾಯಿಸಿಕೊಂಡ ಸಂಸ್ಥೆಯ ಮೂಲಕವೇ ಹೋಗಬೇಕು. ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರು ವ್ಯಾಲಿಡೇಟರ್ ವರದಿ ಕಳಿಸಿ ಎಂದಿದ್ದಾರೆ. ಕಳಿಸಿದ್ದೇನೆ.

ಅಷ್ಟರಲ್ಲಿ ಮೂರನೇ ಪುಸ್ತಕದ ಟೈಪಿಂಗ್ ಶುರುವಾಗಿದೆ. ಇದರಲ್ಲಿ ದೊಡ್ಡಪ್ಪ ಹಣ್ಣು ತಿನ್ನಲು ಬಂದ ಮಂಗಟ್ಟೆ, ಕುಟುರ ಹಕ್ಕಿಗಳನ್ನೂ ಬರೆಯತೊಡಗಿದ್ದಾರೆ. ಅಂದಮೇಲೆ ಕಿಂಗ್‌ಡಮ್ ಕಾಲಂ ಅನ್ನು ಮೇಲಿಂದ ಕೆಳಗೆ ಒಂದೇ ಎಳೆತದಲ್ಲಿ ತುಂಬುವ ಸುಖ ಇನ್ನಿಲ್ಲ.